ಮೂಲೆಯಿಲ್ಲದ ಬನ್ನಿ ಕಾರ್ಡು

ಖಾಸಿಮಸಾಬನ ಕೈ ಸುಮ್ಮನಿದ್ದದ್ದನ್ನು ರಾಮದುರ್ಗದಲ್ಲಿ ಯಾರೂ ಕಂಡಿರಲಿಲ್ಲ. ಯಾರಾದರೂ ಎಲೆ ಅಡಿಕೆ ಕೊಟ್ಟರೆ ಎಲೆಯ ಅಂಚನ್ನು ಉಗುರಿನಿಂದ ಹೂವಿನ ಎಸಳಿನ ಹಾಗೆ ಹರಿದು, ಅದನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಕೂತು ಉಣ್ಣುವುದು ಅವನಿಂದ ಆಗದ ಕೆಲಸ. ರೊಟ್ಟಿಯನ್ನು ಅಂಗೈಯಲ್ಲಿ ಹಿಡಿದು, ಅದರ ಮೇಲೆ ಪಲ್ಯ ಹಾಕಿಸಿಕೊಂಡು, ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಪಡಸಾಲೆಗೆ ತಿರುಗಾಡುತ್ತ ಉಂಡು ಮುಗಿಸುತ್ತಿದ್ದ.

"ಕುಂತ ಉಣ್ರಿ. ನಿಮ್ಮ ಹೊಟ್ಯಾಗ ಹೋದ ರೊಟ್ಟಿಗೆ ಸೈತ ಎಲ್ಲಿ ಕುಂದರಬೇಕಂತ ತಿಳಿವಲ್ತು," ಎಂದು ಹೆಂಡತಿ ಮಕ್ತುಮಬಿ ಛೇಡಿಸುವಳು.

"ಕುಂತ್ರ ಕಾಲ ಜುಮು ಹಿಡಿತಾವ."

"ನೀವು ತಿರಗೂದು ನೋಡಿ ನನ್ನ ತಲಿ ಹಿಡಿತೈತಿ."

ಅವನ ಮನೆತನದ ಕಸುಬು ಬಣ್ಣದ ಕಾಗದದ್ದು. ಮೊಹರಮ್ಮಿನ ಡೋಲಿಗೆ ಜಾಲರಿ, ಲಗ್ನದ ಹಂದರಕ್ಕೆ ಕಾಗದದ ಮಾಲೆ, ಚೌತಿಗೆ ಗಣಪತಿಯ ಮಂಟಪ, ಇವನ್ನೆಲ್ಲ ಅಜ್ಜನ ಕಾಲದಿಂದಲೂ ಆ ಮನೆಯವರೇ ಕತ್ತರಿಸಿ ಅಂಟಿಸಿ ಕೊಡುತ್ತಿದ್ದರು. ಅಪ್ಪ ಕಲಿಸಿದ ನಮೂನೆಗಳನ್ನೆಲ್ಲ ಖಾಸಿಮಸಾಬ ಇಪ್ಪತ್ತು ವರ್ಷ ತುಂಬುವುದರೊಳಗೇ ಕಲಿತು ಮುಗಿಸಿಬಿಟ್ಟಿದ್ದ. ಆಮೇಲೆ ಶುರುವಾಯಿತು ಅವನ ತಳಮಳ. ಹೊಸದೇನಾದರೂ ಮಾಡಬೇಕು. ಮಾಡಿದ ಕೂಡಲೇ ಅದನ್ನು ಯಾರಿಗಾದರೂ ಕೊಟ್ಟುಬಿಡಬೇಕು, ಮತ್ತೊಂದಕ್ಕೆ ಕೈ ಹಾಕಬೇಕು. ಹಚ್ಚಿದ ಅಂಟು ಒಣಗುವ ತನಕವೂ ಕಾಯದೆ ಎತ್ತಿ ಕೊಟ್ಟುಬಿಡುವನು. ಹೀಗಾಗಿ ಅವನು ಕಟ್ಟಿದ ಮಂಟಪ ನೋಡಲು ಎಲ್ಲರದ್ದಕ್ಕಿಂತ ಚಂದವಿರುತ್ತಿತ್ತು. ಎರಡನೆಯ ದಿನಕ್ಕೆ ಮಾತ್ರ ಎಲ್ಲೋ ಒಂದು ಕಡೆ ಬಾಯಿ ಬಿಡುತ್ತಿತ್ತು.

ಸಾವಿರದೊಂಬೈನೂರಾ ಎಂಟನೆಯ ಇಸವಿ. ದಸರೆ ಹದಿನೈದು ದಿನ ಇರುವಾಗ ಅರಳೆ ವ್ಯಾಪಾರಿ ಮಲಕಾಜಪ್ಪ ಅವನನ್ನು ಅಂಗಡಿಗೆ ಕರೆಸಿದ. ಮುಂಬಯಿಯ ದಲಾಲನೊಬ್ಬ ಕಳಿಸಿದ ಅಚ್ಚಿನ ಕಾರ್ಡೊಂದು ಗಾದಿಯ ಮೇಲಿತ್ತು. ಅದರ ಮೇಲೆ ಗುಲಾಬಿ ಹೂವು, ಬಂಗಾರದ ಬಣ್ಣದ ಅಂಚು.

"ಇಂಥಾದ್ದ ನಿನ್ನ ಕೈಲೆ ಆಗತೈತೇನೋ ಖಾಸಿಮಾ?"

ಖಾಸಿಮಸಾಬ ಅದನ್ನು ಹಿಂದು ಮುಂದು ತಿರುವಿದ, ಮೂಗಿನ ಹತ್ತಿರ ಹಿಡಿದ. "ಇದು ಯಂತ್ರದ್ರಿ ಸಾವಕಾರ್ರ. ಹೂವ ಐತಿ, ವಾಸನಿ ಇಲ್ಲ."

"ಹಂಗಾರ ವಾಸನಿ ಇದ್ದದ್ದ ಮಾಡ. ಈ ಸಲ ಬನ್ನಿ ಟಪಾಲಿಗೆ ಹಾಕೂದು ಐತಲಾ, ಅದನ್ನ ಇಂಥಾ ಕಾರ್ಡಿನಾಗ ಕಳಸೂಣು."

ದಶಮಿಯ ದಿನ ಊರಿನವರು ಮನೆ ಮನೆಗೆ ಹೋಗಿ ಬನ್ನಿಯ ಎಲೆ ಕೊಟ್ಟು, ಬನ್ನಿ ತಗೊಂಡು ಬಂಗಾರದಂಗ ಇರೂಣು ಎನ್ನುತ್ತಾರೆ. ದೂರದಲ್ಲಿದ್ದವರಿಗೆ ಕಾಗದದ ಮಡಿಕೆಯಲ್ಲಿ ನಾಲ್ಕು ಎಲೆ ಇಟ್ಟು ಟಪಾಲಿಗೆ ಹಾಕುತ್ತಾರೆ. ಮಲಕಾಜಪ್ಪನಿಗೆ ಈ ಸಲ ಇಪ್ಪತ್ತೊಂದು ಕಾರ್ಡು ಬೇಕಿದ್ದವು. ಇಪ್ಪತ್ತು ಕಾರ್ಡು ಸವದತ್ತಿ, ಬೈಲಹೊಂಗಲ, ಕಿತ್ತೂರಿನ ವ್ಯಾಪಾರಿ ಗೆಳೆಯರಿಗೆ. ಉಳಿದ ಒಂದರ ಮಾತು ಬಂದಾಗ ಅವನ ಧ್ವನಿ ಇಳಿಯಿತು.

"ಸಾಲಹಳ್ಳಿಗಿ ಒಂದ. ನಮ್ಮ ಸುಂದರವ್ವಗ."

ಸುಂದರವ್ವ ಅವನ ಮಗಳು. ಎರಡು ವರ್ಷದ ಹಿಂದೆ ಪ್ಲೇಗಿನಲ್ಲಿ ಅವಳ ಅಣ್ಣ ಹೋದ. ಆ ಸುದ್ದಿಯ ಕಾರ್ಡು ಸಾಲಹಳ್ಳಿಗೆ ಮುಟ್ಟಿದಾಗ ಅವಳು ಐದು ತಿಂಗಳ ಬಸುರಿ. ಕಾರ್ಡನ್ನು ಕೈಗೆ ತೆಗೆದುಕೊಂಡವಳು ಹೊಸ್ತಿಲ ಮೇಲೆಯೇ ಬಿದ್ದಳು. ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ. ಈಗ ಮತ್ತೆ ಏಳು ತಿಂಗಳಾಗಿತ್ತು. ದೀಪಾವಳಿ ಮುಗಿದ ಮೇಲೆ ಹೆರಿಗೆಗೆ ಕರೆತರುವುದೆಂದು ಮಾತಾಗಿತ್ತು.

"ಟಪಾಲಿನವ ಓಣ್ಯಾಗ ಬಂದ್ರ ಸಾಕು, ಅಕಿ ಹಿತ್ತಲಕ್ಕ ಹೋಗಿ ನಿಂದರತಾಳಂತ," ಎಂದ ಮಲಕಾಜಪ್ಪ. "ಒಂದ ಚಂದಾನ ಕಾರ್ಡ ಹೋಗಲಿ. ಕೈಯಾಗ ಹಿಡದ ನೋಡಲಿ. ಅಂಜಿಕಿ ಬಿಡಲಿ ಅದಕ್ಕ."

ಅಂದಿನಿಂದ ಖಾಸಿಮಸಾಬನ ನಿದ್ದೆ ಊಟ ಕೆಟ್ಟವು. ಬೆಳಗಾವಿಯ ದಪ್ಪ ಕಾಗದ ತರಿಸಿದ. ಅಂಚಿಗೆ ಹೊಳೆಯುವ ಬೇಗಡೆಯ ಎಳೆ ಕೂರಿಸಿದ. ಕನ್ನಡ ಸಾಲೆಯಲ್ಲಿ ಮೂರನೆಯ ಇಯತ್ತೆಯ ತನಕ ಓದಿದ್ದರಿಂದ ಅಕ್ಷರ ದುಂಡಗಿದ್ದವು, ಅವನ್ನೂ ತಾನೇ ಬರೆದ. ಎಲ್ಲವೂ ಆಯಿತು, ಬನ್ನಿಯನ್ನು ಎಲ್ಲಿ ಕೂರಿಸುವುದೆಂಬುದೊಂದು ಬಗೆಹರಿಯಲಿಲ್ಲ. ನಡುವೆ ಅಂಟಿಸಿದರೆ ಅಕ್ಷರ ಮುಚ್ಚುತ್ತಿತ್ತು. ಹಿಂದೆ ಅಂಟಿಸಿದರೆ ಕಾಣುತ್ತಿರಲಿಲ್ಲ. ದಶಮಿಯ ಮುಂಜಾನೆ ಒಮ್ಮೆಲೇ ಹೊಳೆಯಿತು. ಕಾರ್ಡಿನ ಬಲಗಡೆಯ ಮೇಲಿನ ಮೂಲೆಯನ್ನು ಕತ್ತರಿಯಿಂದ ಕಚಕ್ಕನೆ ತೆಗೆದ. ಹೋದ ಮೂಲೆಯ ಜಾಗದಲ್ಲಿ ಬನ್ನಿಯ ಚಿಕ್ಕ ಕುಡಿಯನ್ನಿಟ್ಟು ದಾರದಿಂದ ಎರಡು ಹೊಲಿಗೆ ಹಾಕಿದ. ಕಾಗದ ನಡೆದು ನಡೆದು ಕೊನೆಗೆ ಎಲೆಯಾದಂತೆ ಕಂಡಿತು.

"ನೋಡಿಲ್ಲಿ, ಮಕ್ತುಮಾ! ನೋಡ!"

ಮಕ್ತುಮಬಿ ನೋಡಿದಳು. ಅವಳ ಮುಖವೂ ಅರಳಿತು. "ಚಂದ ಆಗೇತ್ರಿ. ಒಂದೆರಡ ದಿನ ಇಟ್ಟ ನೋಡ್ರಿ. ಎಲಿ ಬಾಡಿದ ಮ್ಯಾಲ ಹೆಂಗ ಕಾಣತೈತೋ."

"ಎರಡ ದಿನ! ಅಷ್ಟೊತ್ತಿಗೆ ಹಬ್ಬ ಹಳೇದಾಗತೈತಿ."

ಮರುದಿನ ಬೆಳಿಗ್ಗೆ ಇಪ್ಪತ್ತೊಂದೂ ಕಾರ್ಡು ಟಪಾಲು ಕಚೇರಿಯ ಮೇಜಿನ ಮೇಲಿದ್ದವು. ಮಾಸ್ತರರು ಒಂದನ್ನು ಎತ್ತಿ ಹಿಡಿದು, "ಇದೇನ ಸಾಬ, ಕಾರ್ಡೋ ಹಿತ್ತಲೋ? ಠಸೆ ಹೊಡಿಬೇಕೋ ನೀರ ಹಾಕಬೇಕೋ?" ಎಂದರು. ಖಾಸಿಮಸಾಬ ನಕ್ಕು ಹೊರಬಿದ್ದ. ದಾರಿಯಲ್ಲೇ ಅವನ ತಲೆ ಸಂಕ್ರಾಂತಿಯ ಕಾರ್ಡಿನ ಕಡೆ ತಿರುಗಿತ್ತು.

ಹೆಚ್ಚಿಗೆ ಮಾಡಿದ ಒಂದು ಕಾರ್ಡು ಮನೆಯಲ್ಲಿ ಉಳಿದಿತ್ತು. ಮಕ್ತುಮಬಿ ಅದನ್ನು ಗೋಡೆಯ ಗೂಡಿನಲ್ಲಿ ಚಿಮಣಿ ದೀಪದ ಪಕ್ಕಕ್ಕೆ ಆನಿಸಿ ಇಟ್ಟಿದ್ದಳು.

ದಶಮಿಯಾಗಿ ಐದನೆಯ ದಿನ, ಶೀಗಿ ಹುಣ್ಣಿಮೆಯ ಬೆಳಿಗ್ಗೆ. ಖಾಸಿಮಸಾಬ ಹಿತ್ತಲಲ್ಲಿ ಹುಣಸೆಬೀಜದ ಅಂಟು ಕುದಿಸುತ್ತಿದ್ದ. ಒಳಗಿನಿಂದ ಹೆಂಡತಿಯ ಚೀರಾಟ ಕೇಳಿಸಿತು.

"ಯಾ ಅಲ್ಲಾ! ಯಾರ ಹೋದರ್ರಿ? ನಮ್ಮಣ್ಣ ಇಸ್ಮಾಯಿಲ ಏನ್ರಿ? ನನ್ನ ತವರ ಉಗರಗೋಳದಿಂದ ಯಾವಾಗ ಬಂತ್ರಿ ಇದು? ನನಗ ಹೇಳದ ಮುಚ್ಚಿ ಇಟ್ಟೀರೇನ್ರಿ?"

ಅವನು ಓಡಿ ಒಳಗೆ ಬಂದ. ಮಕ್ತುಮಬಿ ಕಸಬರಿಗೆಯನ್ನು ಬಿಸಾಡಿ ನೆಲಕ್ಕೆ ಕುಸಿದಿದ್ದಳು. ಅವಳ ಕೈಯಲ್ಲಿ, ನೆಲಕ್ಕೆ ಮಗುಚಿ ಬಿದ್ದಿದ್ದ ಒಂದು ಕಾರ್ಡು. ಅದಕ್ಕೆ ಒಂದು ಮೂಲೆ ಇರಲಿಲ್ಲ.

ಅವನಿಗೂ ಒಂದು ಗಳಿಗೆ ಯಾರೋ ಹೋದರೆಂದೇ ಅನಿಸಿತು. ಆಮೇಲೆ ಗೂಡಿನ ತುಂಬ ಉದುರಿದ ಸಣ್ಣ ಸಣ್ಣ ಒಣ ಎಲೆಗಳು ಕಂಡವು.

ಆ ಕಡೆ ಸಾವಿನ ಸುದ್ದಿಯ ಕಾರ್ಡಿನ ಒಂದು ಮೂಲೆ ಹರಿದು ಕಳಿಸುವ ರೂಢಿ. ಓದು ಬಾರದ ಮನೆಯಲ್ಲೂ ನೋಡಿದ ಕೂಡಲೇ ತಿಳಿಯಬೇಕೆಂದು ಹಾಗೆ ಮಾಡುತ್ತಿದ್ದರು. ಪ್ಲೇಗಿನ ವರ್ಷಗಳಲ್ಲಂತೂ ಮೂಲೆ ಹರಿದ ಕಾರ್ಡು ಕಾಣದ ಓಣಿ ಇರಲಿಲ್ಲ. ಖಾಸಿಮಸಾಬನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಅವನು ನೋಡಿದ್ದು ಹಸಿರು ಮೂಲೆಯನ್ನು. ಹಸಿರು ಉದುರಿದ ಮೇಲೆ ಉಳಿಯುವುದೇನೆಂದು ನೋಡುವಷ್ಟು ಹೊತ್ತು ಅವನು ನಿಂತಿರಲೇ ಇಲ್ಲ.

"ಯಾರೂ ಸತ್ತಿಲ್ಲ. ಇದು ನಾ ಮಾಡಿದ ಕಾರ್ಡ," ಎಂದ. ಹೇಳುತ್ತಿದ್ದಂತೆಯೇ ಅವನಿಗೆ ಇನ್ನೊಂದು ಕಾರ್ಡು ನೆನಪಾಯಿತು. "ಮಕ್ತುಮಾ, ಸಾಲಹಳ್ಳಿ..."

ಅವಳು ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು. "ಇನ್ನೂ ಯಾಕ ನಿಂತೀರಿ? ನಡೀರಿ!"

ಕತ್ತರಿ, ದಾರದ ಉಂಡೆ, ಸೂಜಿ ಚಂಚಿಯಲ್ಲಿ ಸೇರಿದವು. ಮಲಕಾಜಪ್ಪನ ಅಂಗಡಿಯ ಮುಂದೆ ಹೋಗುವ ಧೈರ್ಯವಾಗದೆ ಸಂದಿಯಿಂದ ಹಾಯ್ದು ಟಪಾಲು ಕಚೇರಿಗೆ ಓಡಿದ. ದೊಡ್ಡ ಊರುಗಳ ಟಪಾಲು ಎಂದೋ ಹೋಗಿತ್ತು. ಹಳ್ಳಿಯ ಟಪಾಲು ವಾರಕ್ಕೊಮ್ಮೆ, ಟಪಾಲಿನವ ಹಣಮಂತಪ್ಪನ ಕಾಲಿನ ಮೇಲೆ. ಅವನು ಹೊತ್ತು ಹುಟ್ಟುವಾಗಲೇ ಚೀಲ ಹೊತ್ತು ಸಾಲಹಳ್ಳಿಯ ದಾರಿ ಹಿಡಿದಿದ್ದ.

ನಾಲ್ಕು ಹರದಾರಿಯ ದಾರಿ. ಮಳೆಗೆ ನೆನೆದ ಎರೆ ಮಣ್ಣು ಮೆಟ್ಟಿದ ಜೋಡಿಗೆ ಮೆತ್ತಿ ಒಂದೊಂದು ಕಾಲೂ ಎರಡು ಸೇರು ತೂಗುತ್ತಿತ್ತು. ಖಾಸಿಮಸಾಬ ಜೋಡು ಬಿಚ್ಚಿ ಕೈಯಲ್ಲಿ ಹಿಡಿದು ಓಡಿದ. ಒಂದು ಹರದಾರಿ ದಾಟಿದ ಮೇಲೆ ಹಳ್ಳದ ದಂಡೆಯಲ್ಲಿ ಹಣಮಂತಪ್ಪ ಕಂಡ, ತಂಬಾಕು ತಿಕ್ಕುತ್ತ ಕೂತಿದ್ದ.

"ಹಣಮಂತಣ್ಣಾ, ಸಾಲಹಳ್ಳಿ ಕಾರ್ಡ ಒಂದ ನನಗ ಕೊಟ್ಟಬಿಡ."

"ಯಾರ ಹೆಸರಿಲೆ ಐತಿ?"

"ಸುಂದರವ್ವನ ಹೆಸರಿಲೆ."

ಹಣಮಂತಪ್ಪ ಅವನನ್ನು ಮುಂಡಾಸದಿಂದ ಕೆಸರುಗಾಲಿನ ತನಕ ನೋಡಿದ. "ನೀ ಸುಂದರವ್ವ ಏನ?"

"ಚಾಷ್ಟಿ ಬ್ಯಾಡೋ ಮಾರಾಯಾ. ಅದನ್ನ ಮಾಡಿದವ ನಾನ."

"ಮಾಡಿದವ ನೀನ ಇರವಲ್ಯಾಕ. ಟಪಾಲಿಗೆ ಬಿದ್ದ ಮ್ಯಾಲ ಅದು ಸರಕಾರದ್ದು. ಕುಂಬಾರ ಗಡಗಿ ಮಾರಿ, ಆಮ್ಯಾಲ ಬಂದು ಸಾರಿನಾಗ ಕೈ ಹಾಕಿದ್ರ ನಡಿತೈತೇನ? ಮದಲ ನಿನ್ನ ಎಲಿ ಉದರಿ ನನ್ನ ಚೀಲ ಅನ್ನೂದು ಹೊಲ ಆಗೇತಿ."

ಖಾಸಿಮಸಾಬ ನಡೆದದ್ದನ್ನೆಲ್ಲ ಹೇಳಿದ. ಹಣಮಂತಪ್ಪನ ನಗೆ ಹೋಯಿತು. ಎರಡು ವರ್ಷದ ಹಿಂದೆ ಆ ಕಾರ್ಡನ್ನು ಅವಳ ಕೈಗೆ ಕೊಟ್ಟವನೂ ಅವನೇ. ಆದರೂ ತಲೆಯಾಡಿಸಿದ. "ಪಾಪ ಐತಿ ಖರೆ. ಆದ್ರ ನನ್ನ ನೌಕರಿ ಪಟ್ಟಾ ಹೋಗತೈತಿ. ಅಕಿ ಕೈಗೇ ಕೊಡಬೇಕು, ಅಕಿ ಕೈಗೇ ಕೊಡತೇನಿ. ನೀ ಬೇಕಾರ ಮುಂದ ಹೋಗಿ ಹೇಳ."

ಮುಂದೆ ಹೋಗಿ ಏನೆಂದು ಹೇಳುವುದು? ತವರಿನ ಕಡೆಯವನೊಬ್ಬ ಹೇಳದೆ ಕೇಳದೆ, ಮೈಯೆಲ್ಲ ಕೆಸರಾಗಿ, ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತು, ಯಾರೂ ಸತ್ತಿಲ್ಲವ್ವಾ ಎಂದರೆ? ಆ ಹುಡುಗಿ ಮಾತು ಮುಗಿಯುವ ತನಕ ನಿಂತಿರುವಳೇ? ಅವನಿಗೆ ಮುಂದೆ ಓಡುವುದಕ್ಕೂ ಆಗಲಿಲ್ಲ, ಹಿಂದೆ ಉಳಿಯುವುದಕ್ಕೂ ಆಗಲಿಲ್ಲ. ಹಣಮಂತಪ್ಪನ ಜೊತೆಗೇ ಹೆಜ್ಜೆ ಹಾಕಿದ. ಹಣಮಂತಪ್ಪನ ನಡಿಗೆ ಎಮ್ಮೆಯ ನಡಿಗೆ. ಪ್ರತಿ ಹಳ್ಳಿಯಲ್ಲೂ ಕೂತು ಕಾಗದ ಓದಿ ಹೇಳುವನು, ಕೇಳಿದವರಿಗೆ ಇನ್ನೊಮ್ಮೆ ಓದುವನು, ಮಜ್ಜಿಗೆ ಕುಡಿಯುವನು. ಖಾಸಿಮಸಾಬ ಕಟ್ಟೆಯ ಸುತ್ತ ತಿರುಗುವನು. ದಾರದ ಉಂಡೆಯನ್ನು ಬಿಚ್ಚಿ ಸುತ್ತಿ, ಬಿಚ್ಚಿ ಸುತ್ತಿ ಬೆರಳು ಕೆಂಪಾದವು.

ನೆತ್ತಿಯ ಮೇಲೆ ಹೊತ್ತು ಬಂದಾಗ ಸಾಲಹಳ್ಳಿ ಇನ್ನೂ ಒಂದು ಹರದಾರಿ ಇತ್ತು. ಹುಣ್ಣಿಮೆಯೆಂದು ಹೊಲ ಹೊಲದಲ್ಲೂ ಮಂದಿ. ಬುಟ್ಟಿಗಟ್ಟಲೆ ಅಡಿಗೆ ತಂದು, ಬನ್ನಿಯ ಗಿಡದ ಕೆಳಗೆ ಸುಣ್ಣ ಹಚ್ಚಿದ ಐದು ಕಲ್ಲು ಪೂಜಿಸಿ, ಅದರಲ್ಲೊಂದು ಪಾಲನ್ನು ಬೆಳೆಗೆ ಚರಗವೆಂದು ಚೆಲ್ಲುತ್ತಿದ್ದರು. ಬೀರವ್ವನೆಂಬ ಮುದುಕಿ ಬದುವಿನ ಮೇಲೆ ಬಂದು ಇಬ್ಬರನ್ನೂ ತಡೆದಳು.

"ಚರಗದ ದಿನ ಉಣದ ಹಾದ ಹೋಗತೀರೇನ? ಬರ್ರಿ, ಕುಂದರ್ರಿ."

ಹಣಮಂತಪ್ಪ ಎರಡನೆಯ ಮಾತು ಬೇಕೆನ್ನಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎಲೆಯ ಮುಂದೆ ಕೂತ. ಖಾಸಿಮಸಾಬ ನಿಂತೇ ಇದ್ದ. ಅವನ ಕಣ್ಣು ಕಡಬಿನ ಮೇಲಿರಲಿಲ್ಲ, ಗಿಡದ ಮೇಲಿತ್ತು. ಹಸಿರು ಬನ್ನಿ, ಗಾಳಿಗೆ ಅಲ್ಲಾಡುತ್ತಿತ್ತು. ಶೀಗಿ ಹುಣ್ಣಿಮೆಯ ತನಕ ಬನ್ನಿ ಕೊಡಬಹುದು. ಇವತ್ತು ಕೊನೆಯ ದಿನ. ಸಾವಾದ ಮನೆಯಿಂದ ಬನ್ನಿ ಬರುವುದಿಲ್ಲ!

"ಯವ್ವಾ, ಒಂದ ಟೊಂಗಿ ಬನ್ನಿ ಕೊಡತೀಯೇನ?"

"ಕಡಬ ಕೊಡತೇನಂದ್ರ ಗಿಡ ಬೇಡತೀಯಲ್ಲೋ ಸಾಬಾ! ಅದನ್ನೇನ ತಿಂತೀಯಾ?" ಹೊಲದಲ್ಲಿದ್ದವರೆಲ್ಲ ನಕ್ಕರು. ಬೀರವ್ವ ಮಾತ್ರ ಅವನ ಮುಖ ನೋಡಿ ನಗು ನಿಲ್ಲಿಸಿದಳು. ಗಿಡಕ್ಕೆ ಕೈಮುಗಿದು ತಾನೇ ಒಂದು ಕುಡಿ ಮುರಿದು ಕೊಟ್ಟಳು. ಎರಡು ಕಡಬನ್ನೂ ಅವನ ವಸ್ತ್ರದ ಸೆರಗಿನಲ್ಲಿ ಕಟ್ಟಿದಳು.

"ಹಣಮಂತಣ್ಣಾ, ಸಾವಕಾಶ ಉಣ್ಣ," ಎಂದ ಖಾಸಿಮಸಾಬ. ಅಂಥ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಹೇಳಿದವನೇ ಓಡಿದ.

ಸಾಲಹಳ್ಳಿಯ ಹೊರಗಿನ ಬಾವಿಯ ಹತ್ತಿರ ಅವನು ನಿಂತ. ಕಾಲು ತೊಳೆದ, ಮುಖ ತೊಳೆದ, ಮುಂಡಾಸ ಬಿಚ್ಚಿ ಮತ್ತೆ ಸುತ್ತಿಕೊಂಡ, ಜೋಡು ಮೆಟ್ಟಿದ. ಉಸಿರು ಇನ್ನೂ ಹಾರುತ್ತಿತ್ತು. ಹಿಂದೆ ದಾರಿ ನೋಡಿದ, ಹಣಮಂತಪ್ಪನ ಸುಳಿವಿರಲಿಲ್ಲ. ಬಾವಿಯ ಕಟ್ಟೆಯ ಮೇಲೆ ಕೂತ. ಎದೆ ತಣ್ಣಗಾಗುವ ತನಕ ಏಳಬಾರದೆಂದು ಎರಡು ಕೈಯಿಂದಲೂ ಕಟ್ಟೆಯ ಕಲ್ಲನ್ನು ಹಿಡಿದುಕೊಂಡ. ನಾಲ್ಕು ಹರದಾರಿ ಬಂದದ್ದು ಅವನಿಗೆ ಭಾರವಾಗಿರಲಿಲ್ಲ, ಇದು ಭಾರವಾಯಿತು. ಆಮೇಲೆ ಎದ್ದು, ಬನ್ನಿಯ ಕುಡಿಯನ್ನು ಎಲ್ಲರಿಗೂ ಕಾಣುವಂತೆ ಮುಂದೆ ಹಿಡಿದು, ಬೀಗರ ಮನೆಗೆ ಹಬ್ಬಕ್ಕೆ ಹೊರಟವನ ಹಾಗೆ ಮೆಲ್ಲಗೆ ಓಣಿಯಲ್ಲಿ ನಡೆದ.

ಸುಂದರವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು; ಬಸುರಿಯೊಬ್ಬಳನ್ನೇ ಬಿಡಬಾರದೆಂದು ಅತ್ತೆ ಶಟ್ಟೆವ್ವ ಉಳಿದಿದ್ದಳು. ಅವನನ್ನು ಕಂಡದ್ದೇ ಸುಂದರವ್ವನ ಕೈಯಿಂದ ಜೋಳದ ಮರ ಜಾರಿತು. ಕಂಬ ಹಿಡಿದು ಎದ್ದಳು.

"ಖಾಸಿಮ ಕಾಕಾ? ನೀ ಯಾಕ... ಅಪ್ಪಾ?"

ಅವನು ಬಾಯಿ ತೆರೆಯುವ ಮೊದಲು ಕೈ ಮುಂದೆ ಮಾಡಿದ. "ಬನ್ನಿ ತಗೋ ಮಗಳ. ನಿಮ್ಮಪ್ಪ ಕಳಿಸ್ಯಾನ. ಬಂಗಾರದಂಗ ಇರು."

ಅವಳು ಕುಡಿಯನ್ನು ನೋಡಿದಳು, ಅವನ ಮುಖ ನೋಡಿದಳು, ಮತ್ತೆ ಕುಡಿಯನ್ನು ನೋಡಿದಳು. ಕಂಬ ಬಿಟ್ಟು ಎರಡೂ ಕೈಯೊಡ್ಡಿ ತೆಗೆದುಕೊಂಡಳು.

"ಹಬ್ಬ ಆಗಿ ಐದ ದಿನಕ್ಕ ಬಂದಿಯಲ್ಲೋ," ಎಂದಳು ಶಟ್ಟೆವ್ವ ಒಳಗಿನಿಂದ ನೀರಿನ ತಂಬಿಗೆ ತರುತ್ತ. "ಹಾದ್ಯಾಗ ಮಲಗಿದ್ದೇನ?"

ನೀರು ಕುಡಿದು ಅವನು ಎಲ್ಲವನ್ನೂ ಹೇಳಿದ. ಕಾರ್ಡಿನ ಮಾತು ಬಂದಾಗ ಸುಂದರವ್ವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಅವನು ಏನನ್ನೂ ಬಿಡಲಿಲ್ಲ, ತನ್ನ ಅವಸರವನ್ನೂ ಮುಚ್ಚಲಿಲ್ಲ. "ಅದು ಅರ್ಧಾ ಕಾರ್ಡ ಮಗಳ. ಉಳದದ್ದು ನಿನ್ನ ಕೈಯಾಗ ಐತಿ."

ಶಟ್ಟೆವ್ವ ಸುಮ್ಮನಿರುವವಳಲ್ಲ. "ಕತ್ತರಿ ಐತಂತ ಕಾರ್ಡಿನ ಮೂಲಿ ಕತ್ತರಿಸಿದಿ. ನಾಳೆ ಯಾರದರ ಮೂಗ ಸಿಕ್ರ? ನಿನ್ನ ಹೇಣತಿ ಹೆಂಗ ಬಾಳೇ ಮಾಡತಾಳೋ ನಿನ್ನ ಕೂಡ!"

"ಅಕೀನೂ ಇದನ್ನ ಅಂತಾಳ್ರಿ ಯವ್ವಾ."

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಹಣಮಂತಪ್ಪನ ಗೆಜ್ಜೆಕೋಲಿನ ಸದ್ದಾಯಿತು. ಸುಂದರವ್ವ ಥಟ್ಟನೆ ಎದ್ದು ಹಿತ್ತಲ ಬಾಗಿಲ ಕಡೆ ಹೊರಟಳು. ಎರಡು ವರ್ಷದಿಂದ ಆ ಸದ್ದಿಗೆ ಕಾಲು ತಾವಾಗಿ ಆ ಕಡೆ ಹೋಗುತ್ತಿದ್ದವು. ಖಾಸಿಮಸಾಬ ಕರೆಯಬೇಕೆಂದುಕೊಂಡ, ಕರೆಯಲಿಲ್ಲ. ನಡುಮನೆಯ ತನಕ ಹೋದವಳು ಅಲ್ಲೇ ನಿಂತಳು. ಕೈಯಲ್ಲಿದ್ದ ಬನ್ನಿಯನ್ನೊಮ್ಮೆ ನೋಡಿ ತಿರುಗಿ ಬಂದಳು.

ಹಣಮಂತಪ್ಪ ಕಾರ್ಡು ತೆಗೆದ. ಅದರ ಜೊತೆ ಒಂದು ಹಿಡಿ ಒಣ ಎಲೆಯೂ ಕಟ್ಟೆಯ ಮೇಲೆ ಸುರಿಯಿತು. ಮೂಲೆ ಹೋದ ಜಾಗ, ನೋಡಿದರೆ ಥೇಟ್ ಅದೇ. ಅವಳು ಕೈ ಚಾಚಿ ಅದನ್ನು ತೆಗೆದುಕೊಂಡಳು. ಕಟ್ಟೆಯ ಮೇಲೆ ಕೂತು ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡಳು. ಹಸಿರು ಕುಡಿಯಿಂದ ಒಂದು ಚಿಕ್ಕ ಎಸಳನ್ನು ಮುರಿದು ಹೋದ ಮೂಲೆಯ ಮೇಲಿಟ್ಟಳು.

"ಕಾಕಾ, ದಾರ ಕೊಡ."

ಅವನು ಸೂಜಿಗೆ ದಾರ ಪೋಣಿಸಿ ಕೊಟ್ಟ. ಅವಳೇ ಎರಡು ಹೊಲಿಗೆ ಹಾಕಿದಳು; ಅವನ ಹೊಲಿಗೆಗಿಂತ ಬಿಗಿಯಾಗಿದ್ದವು.

"ಈಗ ಓದ. ಅಪ್ಪ ಏನ ಬರಿಸ್ಯಾನ?"

ಖಾಸಿಮಸಾಬನಿಗೆ ಅಕ್ಷರ ಬಾಯಿಪಾಠವಿದ್ದವು. ಆದರೂ ಬೆರಳಿಟ್ಟು ಒಂದೊಂದಾಗಿ ಓದಿದ. "ಮಗಳು ಸುಂದರವ್ವನಿಗೆ ಆಶೀರ್ವಾದ. ಇಲ್ಲಿ ನಾವೆಲ್ಲರೂ ಆರಾಮ ಇದ್ದೇವೆ."

"ಇನ್ನೊಮ್ಮೆ ಓದ."

ಅವನು ಇನ್ನೊಮ್ಮೆ ಓದಿದ.

ಉಳಿದ ಇಪ್ಪತ್ತು ಕಾರ್ಡುಗಳ ಗತಿ ಆ ವಾರವೇ ತಿಳಿಯಿತು. ಬೈಲಹೊಂಗಲದ ಮೂವರು ವ್ಯಾಪಾರಿಗಳು ಓದುವ ಮೊದಲೇ ಬಂಡಿ ಕಟ್ಟಿಕೊಂಡು, ಮುಖ ಸಣ್ಣದು ಮಾಡಿಕೊಂಡು, ಯಾರೋ ಸತ್ತರೆಂದು ಮಲಕಾಜಪ್ಪನ ಅಂಗಡಿಗೆ ಮಾತಾಡಿಸಲು ಬಂದರು. ಮಲಕಾಜಪ್ಪ ಗಾದಿಯ ಮೇಲೆ ಕೂತು ಚುರಮರಿ ತಿನ್ನುತ್ತಿದ್ದ. ಖಾಸಿಮಸಾಬನನ್ನು ಕರೆಸಿ ಎಲ್ಲರ ಮುಂದೆ ಬೈದ. ಸಾಲಹಳ್ಳಿಯ ಕಥೆ ಕೇಳಿದ ಮೇಲೆ ಬೈಗುಳ ಅರ್ಧಕ್ಕೇ ನಿಂತಿತು. ಚುರಮರಿಯ ತಾಟನ್ನು ಅವನ ಕಡೆ ಸರಿಸಿ, "ತಿನ್ನ. ಕುಂತ ತಿನ್ನ," ಎಂದ.

ಸುಂದರವ್ವನಿಗೆ ಮಾರ್ಗಶಿರ ಮಾಸದಲ್ಲಿ ಗಂಡು ಮಗುವಾಯಿತು. ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಕರೆಯುವ ಕಾರ್ಡುಗಳನ್ನು ಮಾಡಿದವನು ಖಾಸಿಮಸಾಬನೇ. ಮುಂದೆ ಹಲವು ವರ್ಷ ಅವನು ಸಂಕ್ರಾಂತಿಗೆ ಕುಸುರೆಳ್ಳಿನ ಪುಟ್ಟ ಪೊಟ್ಟಣ ಹೊಲಿದ ಕಾರ್ಡು, ರಮಜಾನ್ ಹಬ್ಬಕ್ಕೆ ಬೇಗಡೆಯ ಚಂದ್ರನ ಕಾರ್ಡು, ಲಗ್ನಕ್ಕೆ ತೆರೆದರೆ ಹಂದರ ಏಳುವ ಕಾರ್ಡು ಮಾಡಿದ. ಯಾವ ಕಾರ್ಡಿನ ಮೂಲೆಗೂ ಕತ್ತರಿ ಮುಟ್ಟಿಸಲಿಲ್ಲ. ಮಾಡಿದ ಕಾರ್ಡು ಮೂರು ದಿನ ಗೋಡೆಯ ಗೂಡಿನಲ್ಲಿ ಕೂರಬೇಕು, ಮಕ್ತುಮಬಿ ನೋಡಿ ಹೂಂ ಎಂದ ಮೇಲೆಯೇ ಮನೆಯಿಂದ ಹೊರಗೆ ಹೋಗಬೇಕು ಎಂಬುದು ಆ ಮನೆಯ ಕಟ್ಟಳೆಯಾಯಿತು.

ಆ ಮೂರು ದಿನ ಅವನಿಗೆ ನೆಲೆ ಇರುತ್ತಿರಲಿಲ್ಲ. ಅಂಗೈಯಲ್ಲಿ ರೊಟ್ಟಿ ಹಿಡಿದು ಗೂಡಿನ ಮುಂದೆ ಹಾಯುವನು, ಬಗ್ಗಿ ನೋಡುವನು, ಹಿತ್ತಲಿಗೆ ಹೋಗುವನು, ಮತ್ತೆ ಬರುವನು.

"ಒಣಗಿರಬೇಕಲ್ಲ ಈಗ?"

"ಇಲ್ಲ," ಎನ್ನುವಳು ಮಕ್ತುಮಬಿ, ಗೂಡಿನ ಕಡೆ ನೋಡದೆಯೇ. "ಕುಂತ ಉಣ್ರಿ."